ಐದನೆಯ ಮೈಲಿಗಲ್ಲಿನ ಮೊಂಡಾಟ

ಲಾರಿ ರಿಪೇರಿಯ ಮೇಸ್ತ್ರಿ ಬುಡನ್ ಸಾಬನನ್ನು ಮೊದಲ ಸಲ ಕಂಡಾಗ, ಅಭ್ಯಾಸಬಲ, ಮನಸ್ಸಿನಲ್ಲೇ ತಕ್ಕಡಿಗೆ ಹಾಕಿದೆ. ಆಳು ಐದು ಮಣಕ್ಕೆ ಒಂದು ಸೇರು ಕಮ್ಮಿ. ಅದರಲ್ಲಿ ಕಾಲು ಮಣ ಗ್ರೀಸು. ಅಂಗಿಗೆ ಗುಂಡಿ ಎರಡೇ, ಒಂದಕ್ಕೊಂದು ನೆಂಟಸ್ತಿಕೆ ಇಲ್ಲ. ಮಾತನ್ನು ಅಳೆದು ಕೊಡುತ್ತಾನೆ, ಕೊಸರು ಹಾಕುವುದಿಲ್ಲ. 'ಸರಕು ಸಾಧಾರಣ' ಎಂದು ಬೆಲೆ ಕಟ್ಟಿದೆ. ಇಪ್ಪತ್ತೆಂಟು ವರ್ಷ ಮುಳಬಾಗಿಲಿನಲ್ಲಿ ಕಡಲೆಕಾಯಿ ಎಣ್ಣೆ ಮಾರಿದವನು ನಾನು. ಬೆಲೆ ಕಟ್ಟುವುದರಲ್ಲಿ ಎಂದೂ ತಪ್ಪಿದವನಲ್ಲ! ಈ ಮಾತನ್ನು ನೀವು ಮರೆತುಬಿಟ್ಟರೆ ನನಗೆ ಉಪಕಾರ.

ಯುದ್ಧದ ಕಾಲ ಅದು. ಚಿನ್ನದ ಗಣಿಯ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಮಾರಿದ ಸಣ್ಣ ಲಾರಿಯನ್ನು ನಾನು ಕೊಂಡೆ. ಮುಂದೆ ಇಬ್ಬರು ಕೂರುವ ಗೂಡು, ಹಿಂದೆ ಡಬ್ಬ ಜೋಡಿಸಲು ಬಯಲು. ಗಾಡಿಯ ಎತ್ತುಗಳನ್ನು ನಮ್ಮೂರ ಗಂಗುಲಪ್ಪನಿಗೆ ಮಾರಿದೆ. ಲಾರಿಗೆ ಅರಿಶಿನ ಕುಂಕುಮ ಹಚ್ಚಿ, ಹೆಂಡತಿ ಅನಸೂಯಮ್ಮನ ಮುಂದೆ ಘೋಷಿಸಿದೆ.

"ನೋಡೇ, ಬೆಳಿಗ್ಗೆ ಮುದ್ದೆ ಉಂಡು ಹೊರಟ್ರೆ ಬಿಸಿಲೇರೋದ್ರೊಳಗೆ ಕೋಲಾರದ ಪೇಟೇಲಿ ಡಬ್ಬ ಇಳಿಸ್ತೀನಿ!"

"ಮೊದ್ಲು ಇಳಿಸಿ, ಆಮೇಲೆ ಹೇಳಿ," ಎಂದಳು.

ಆಗ ಪೆಟ್ರೋಲಿಗೆ ರೇಷನ್ ಚೀಟಿ. ತುಪ್ಪ ಚೆಲ್ಲಿದರೆ ಅಳಬಹುದಿತ್ತು, ಪೆಟ್ರೋಲ್ ಚೆಲ್ಲಿದರೆ ಅಳಲೂ ಶಕ್ತಿ ಇರುತ್ತಿರಲಿಲ್ಲ. ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿ ನೋಡುತ್ತೇನೆ, ನಟ್ಟನಡುವೆ ಸೂಜಿಮೊನೆಯಷ್ಟು ತೂತು! ಮೂಗಿಟ್ಟೆ. ಘಮ್ಮೆಂದಿತು. ವಾಸನೆ ಬಂತೆಂದರೆ ಮಾಲು ಹೋಗುತ್ತಿದೆ ಎಂದು ಎಣ್ಣೆ ವ್ಯಾಪಾರಿಗೆ ಯಾರಾದರೂ ಹೇಳಿಕೊಡಬೇಕೇ? ಪಾರ್ಸಲಿಗೆ ಹಾಕುವ ಅರಗನ್ನು ಕಾಯಿಸಿ, ಒಂದು ತೊಟ್ಟು ಬಿಟ್ಟು ತೂತನ್ನು ಮುಚ್ಚಿದೆ. ದೊರೆಗೆ ಹೊಳೆಯದ್ದು ನನಗೆ ಹೊಳೆಯಿತೆಂದು ಆ ದಿನ ಎರಡು ಮುದ್ದೆ ಹೆಚ್ಚಿಗೆ ಉಂಡೆ.

ಮೊದಲ ಪ್ರಯಾಣಕ್ಕೆ ಅನಸೂಯಮ್ಮನೂ ಬಂದಳು. ಕೋಲಾರದಲ್ಲಿ ಅವಳ ಅಕ್ಕನ ಮನೆ. ಊರು ದಾಟುವವರೆಗೆ ಲಾರಿ ಮದುವೆ ಕುದುರೆ. ಐದನೆಯ ಮೈಲಿಗಲ್ಲಿನ ಹತ್ತಿರ ಗುಕ್ ಎಂದಿತು, ಕೆಮ್ಮಿತು, ಏದುಸಿರು ಬಿಟ್ಟಿತು, ನಿಂತಿತು.

ಮೊದಲು ಮುಚ್ಚಳ ತೆಗೆದು ಕಡ್ಡಿ ಇಳಿಸಿ ಪೆಟ್ರೋಲ್ ಅಳೆದೆ. ತೆಗೆದೊಡನೆ ಟ್ಯಾಂಕು 'ಸುಯ್' ಎಂದು ನಿಟ್ಟುಸಿರಿಟ್ಟಿತು. ಪಾಪ, ಅದಕ್ಕೂ ದಣಿವು! ಪೆಟ್ರೋಲ್ ಬೇಕಾದಷ್ಟಿತ್ತು. ಮತ್ತೆ ಬಿಗಿಯಾಗಿ ಮುಚ್ಚಿ, ದಾರಿಹೋಕರ ಕೈಯಲ್ಲಿ ಬುಡನ್ ಸಾಬನಿಗೆ ಹೇಳಿಕಳಿಸಿದೆ. ಅವನು ಸೈಕಲ್ಲಿನಲ್ಲಿ ಬಂದ. ಎರಡು ತಿರುಪು ಬಿಚ್ಚಿದ, ಊದಿದ, ಹಾಕಿದ. ಹ್ಯಾಂಡಲ್ಲು ಒಂದೇ ಸುತ್ತು, ಇಂಜಿನ್ನು ಗರ್ಜಿಸಿತು!

"ಏನಾಗಿತ್ತು ಸಾಬ್?"

"ಏನೂ ಇಲ್ಲ ಶೆಟ್ರೇ. ಎಲ್ಲಾ ಸರಿಯಾಗೇ ಇತ್ತು."

"ಕೂಲಿ?"

"ಏನೂ ಮಾಡ್ದೆ ಹೆಂಗ್ ತಗೊಳ್ಳಲಿ?"

ಕೂಲಿ ಬೇಡವೆನ್ನುವ ಕಸುಬುದಾರನನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅನುಮಾನ ಅಲ್ಲೇ ಮೊಳೆಯಿತು.

ಅದು ಚಿಗುರಿತು ಕೂಡ. ಇನ್ನೈದು ಮೈಲಿ ಹೋದೆವು, ನಿಂತಿತು. ಅನಸೂಯಮ್ಮ ಇಳಿದು ಸೆರಗು ಸಿಕ್ಕಿಸಿ ತಳ್ಳಿದಳು. "ಎತ್ತು ಮಾರಿದ್ದು ಯಾಕೇಂತ ಈಗ ಗೊತ್ತಾಯ್ತು. ನಾನಿದೀನಲ್ಲ!" ಎಂದಳು. ಅಂದಿನಿಂದ ಒಂದು ತಿಂಗಳು ಇದೇ ಸೇವೆ. ಬುಡನ್ ಸಾಬ ಬಂದರೆ ಓಡುತ್ತದೆ, ಹೋದರೆ ನಿಲ್ಲುತ್ತದೆ. ಅವನ ಶೆಡ್ಡಿನ ಸುತ್ತ ನಾಲ್ಕು ಸುತ್ತು ಓಡಿಸಿ ನೋಡಿದರೆ ಮಾತ್ರ ಎಲ್ಲೂ ನಿಲ್ಲುವುದಿಲ್ಲ. ಒಂದು ದಿನ ಹಿಂದಿನಿಂದ ಗಂಟೆಯ ಸದ್ದು ಬಂತು. ತಿರುಗಿ ನೋಡಿದರೆ ನನ್ನದೇ ಎತ್ತುಗಳು! ಗಂಗುಲಪ್ಪ ಹಗ್ಗ ಕಟ್ಟಿ ಲಾರಿಯನ್ನು ಊರಿಗೆ ಎಳೆಸಿದ. ಎತ್ತುಗಳು ನನ್ನತ್ತ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಸಹಿಸುವ ತ್ರಾಣವೂ ನನ್ನಲ್ಲಿರಲಿಲ್ಲ.

ಬುಡನ್ ಸಾಬ ಇಂಜಿನ್ನಿನ ಒಂದೊಂದು ಅಂಗವನ್ನೂ ತೊಳೆದು ಒಣಗಿಸಿದ. ಕೊನೆಗೆ, "ಶೆಟ್ರೇ, ಪೆಟ್ರೋಲ್ ಟ್ಯಾಂಕು ಒಂದ್ಸಲ ನೋಡ್ಬಿಡ್ತೀನಿ," ಎಂದ.

"ಅದಕ್ಕೆ ಮಾತ್ರ ಕೈ ಹಾಕ್ಬೇಡ! ಅದು ನನ್ನ ಸುಪರ್ದು!" ಚೀಟಿ ಪೆಟ್ರೋಲಿನ ಹತ್ತಿರ ಪರರನ್ನು ಬಿಡುವುದುಂಟೇ?

ಆ ವಾರವೇ ತಾಯಲೂರಿನ ದೊಡ್ಡವೆಂಕಟಪ್ಪ ಎಣ್ಣೆಗೆಂದು ಅಂಗಡಿಗೆ ಬಂದರು. ಅವರಿಗೂ ಒಂದು ಲಾರಿ ಇದೆ. ಬುಡನ್ ಸಾಬನ ಶೆಡ್ಡಿನ ಅನ್ನವೇ ಆ ಲಾರಿ. ಅಂಗಡಿಯಲ್ಲಿ ಬೇರೆ ನಾಲ್ಕು ಜನರೂ ಇದ್ದರು. ನಾನು ಗಂಟಲೆತ್ತಿದೆ.

"ನಿಮ್ಮ ಬುಡನ್ ಸಾಬ ಬಂದ್ರೆ ನನ್ನ ಲಾರಿ ಓಡುತ್ತೆ, ಹೋದ್ರೆ ನಿಲ್ಲುತ್ತೆ! ಒಳಗೆ ಅವನೇ ಏನೋ ಮಡಗಿದಾನೆ ವೆಂಕಟಪ್ಪನೋರೇ. ನೀವೂ ಮೇಸ್ತ್ರೀನ ಬದಲಾಯಿಸಿ." ಕೊಸರಿಗೆ ಪೆಟ್ರೋಲ್ ಉಳಿಸುವ ಗುಟ್ಟನ್ನೂ ಹೇಳಿ, ಒಂದು ತುಂಡು ಅರಗನ್ನೂ ಕೊಟ್ಟೆ.

"ಏಮಿ ತೆಲಿವಿ, ಶೆಟ್ಟೀ!" ಎಂದು ತೆಲುಗಿನಲ್ಲಿ ನನ್ನ ಬುದ್ಧಿಯನ್ನು ಮೆಚ್ಚಿ ಅವರು ಅರಗನ್ನು ಟವೆಲಿನ ಚುಂಗಿಗೆ ಕಟ್ಟಿಕೊಂಡರು. ಲಾರಿಯನ್ನು ಕೋಲಾರದ ಮೇಸ್ತ್ರಿಗೆ ಒಪ್ಪಿಸಿದರು.

ಹತ್ತು ದಿನಕ್ಕೆ ಬುಡನ್ ಸಾಬ ಅಂಗಡಿಯ ಮೆಟ್ಟಿಲ ಕೆಳಗೆ ನಿಂತ. ಮೇಲೆ ಹತ್ತಲಿಲ್ಲ.

"ಶೆಟ್ರೇ, ನನ್ನತ್ರ ಇರೋದು ತಿರುಪು ಬಿಚ್ಚೋ ನಾಕು ಪಾನಾ, ಒಂದು ಹೆಸರು. ಪಾನಾ ಬೇಕಾದ್ರೆ ನೀವೇ ಇಟ್ಕೊಳ್ಳಿ. ಹೆಸರು ಯಾಕೆ ತಗೊಂಡ್ರಿ? ಆ ಲಾರಿ ಇಲ್ದೆ ಶೆಡ್ಡು ನಡೆಯಾಕಿಲ್ಲ. ಬರೋ ತಿಂಗಳು ಬಾಗ್ಲು ಹಾಕ್ತೀನಿ."

ನನ್ನ ಉತ್ತರಕ್ಕೂ ಕಾಯದೆ ಹೋದ. ಅನಸೂಯಮ್ಮ ಮನೆಯ ಎಣ್ಣೆಗೆಂದು ಜಾಡಿ ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು, ಎಲ್ಲವನ್ನೂ ಕೇಳಿದ್ದಳು. ಅವಳ ಮುಖ ನೋಡಲಾರದೆ ಹೊಸ ಡಬ್ಬ ಎಳೆದು, ಮೊಳೆಯಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಿ, ಬಗ್ಗಿಸಿದೆ. ಎಣ್ಣೆ ಗುಳುಗುಳು ಎಂದು ಒಂದಿಷ್ಟು ಬಂತು, ಬಿಕ್ಕಿತು, ನಿಂತಿತು. ಡಬ್ಬವನ್ನು ಕುಲುಕಿದೆ. ಗುಕ್ ಎಂದಿತು. ಮತ್ತೆ ನಿಂತಿತು.

"ಏನೂಂದ್ರೆ, ಎಲ್ಲಿದೆ ಜ್ಞಾನ?" ಅವಳು ಮೊಳೆ ಕಿತ್ತುಕೊಂಡಳು. "ಇನ್ನೊಂದು ತೂತು ಹೊಡೀದೆ ಎಣ್ಣೆ ಹೆಂಗೆ ಬರುತ್ತೆ? ಗಾಳಿ ಒಳಗೆ ಹೋದ್ರೆ ತಾನೇ ಎಣ್ಣೆ ಹೊರಗೆ ಬರೋದು? ಇಪ್ಪತ್ತೆಂಟು ವರ್ಷದಿಂದ ಮಾಡೋ ಕೆಲಸ!"

ಡಬ್ಬದ ಎದುರು ಮೂಲೆಗೆ ಮೊಳೆಯಿಟ್ಟು ಒಂದೇಟು ಹಾಕಿದಳು. ಎಣ್ಣೆ ಧಾರೆಯಾಗಿ ಜಾಡಿಗೆ ಇಳಿಯಿತು. ನಾನು ಅದನ್ನೇ ನೋಡುತ್ತಾ ನಿಂತೆ. ಗುಕ್... ನಿಟ್ಟುಸಿರು... ಮುಚ್ಚಳ... ಅರಗು!

"ಅನಸೂಯಾ," ಎಂದೆ, "ಟ್ಯಾಂಕಿಗೆ ಗಾಳಿ ಹೋಗೋ ತೂತು ಮುಚ್ಚಿದ್ದು ನಾನೇ ಕಣೇ."

ಸಂಗತಿ ಕೇಳಿ ಅವಳು ನಗಲಿಲ್ಲ. ಅದೇ ಹೆಚ್ಚು ನೋವಾಯಿತು. "ಮುಚ್ಚಳ ತಗೊಂಡು ನಡ್ಕೊಂಡೇ ಹೋಗಿ," ಎಂದಳು. ನಡೆದೇ ಹೋದೆ.

ಬುಡನ್ ಸಾಬ ಮುಚ್ಚಳವನ್ನು ಬೆಳಕಿಗೆ ಹಿಡಿದ. ಸೂಜಿಯಿಂದ ಅರಗನ್ನು ಕೆರೆದು ತೆಗೆದ. ತೂತಿನಿಂದ ಒಂದು ಕಣ್ಣಿಟ್ಟು ನನ್ನನ್ನು ನೋಡಿದ.

"ನನಗೆ ಮುಟ್ಟಬೇಡ ಅಂದಿದ್ದು ಇದನ್ನೇ ಅಲ್ವಾ ಶೆಟ್ರೇ?"

"ಹೂಂ."

"ಎಷ್ಟು ಪೆಟ್ರೋಲ್ ಉಳೀತು?"

ಅವನು ಮುಚ್ಚಳವನ್ನು ಒರೆಸುತ್ತಾ ತನ್ನಷ್ಟಕ್ಕೆ ಎಂಬಂತೆ ಹೇಳಿದ: "ದೊಡ್ಡವೆಂಕಟಪ್ಪನೋರ ಲಾರೀನೂ ಎಂಟು ದಿನದಿಂದ ನಿಂತ್ ನಿಂತ್ ಹೋಗ್ತಿದೆಯಂತೆ. ಕೋಲಾರದ ಮೇಸ್ತ್ರಿ ಇಂಜಿನ್ನೇ ಬಿಚ್ಚಿ ಹರಡಿದಾನಂತೆ. ಯಾಕೋ ಗೊತ್ತಾಗ್ತಿಲ್ವಂತೆ." ಆಮೇಲೆ ನನ್ನ ಮುಖ ನೋಡಿದ. "ಯಾ ಅಲ್ಲಾ! ಅವರಿಗೂ ಅರಗು ಕೊಟ್ರಾ?"

ನಾನು ಕಂಡಂತೆ ಮೊದಲ ಬಾರಿಗೆ ಅವನು ನಕ್ಕ. ನಗುತ್ತಲೇ ಕೂತುಬಿಟ್ಟ. ನಾನೂ ಅವನ ಪಕ್ಕದಲ್ಲಿ ಕೂತೆ.

ಅಂಗಡಿಯಲ್ಲಿ ಅಂದು ಕೇಳಿಸಿಕೊಂಡ ನಾಲ್ವರಿಗೂ, ನನ್ನದೇ ಬಾಯಿಂದ, ಅದೇ ಗಂಟಲಿನಲ್ಲಿ ನಿಜ ಹೇಳಿದ್ದೇನೆ. ಲಾರಿ ಈಗ ಐದನೆಯ ಮೈಲಿಗಲ್ಲನ್ನು ಲೆಕ್ಕಿಸದೆ ಓಡುತ್ತದೆ. ನಾಳೆ ಅದರಲ್ಲೇ ತಾಯಲೂರಿಗೆ ಹೊರಟಿದ್ದೇನೆ. ಬುಡನ್ ಸಾಬನಿಗೆ ನಾನು ಇನ್ನೂ ಹಿಂದಿರುಗಿಸಬೇಕಾದದ್ದು ಇಷ್ಟು: ದೊಡ್ಡವೆಂಕಟಪ್ಪನವರ ಮುಂದೆ ಅವನ ಹೆಸರು, ಅವನ ಶೆಡ್ಡಿಗೆ ಅವರ ಲಾರಿ.