ಸಾವ್ಕಾರರ ಪೂಜೆಯ ಹೊತ್ತಿಗೆ ನನ್ನ ಮೆಸೇಜು

ನೆನಪಾದ ಕೆಲಸವನ್ನು ಆ ಕ್ಷಣವೇ ಸಂಬಂಧಪಟ್ಟವರ ಕಿವಿಗೆ ಹಾಕದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಇದನ್ನು ಕರ್ತವ್ಯನಿಷ್ಠೆ ಎಂದು ನಾನು ನಂಬಿದ್ದೆ. ಚಟ ಎಂದು ನಮ್ಮ ಯಜಮಾನರ ಅಭಿಪ್ರಾಯ. ದಾವಣಗೆರೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಸಗಟು ಅಂಗಡಿಯೊಂದರ ಆಫೀಸು ನೋಡಿಕೊಳ್ಳುವವಳು ನಾನು, ಮನೆ ಹರಿಹರದಲ್ಲಿ. ವಾರವಿಡೀ ಬಸ್ಸಿನಲ್ಲಿ ಓಡಾಡಿದ ಮೇಲೆ, ಭಾನುವಾರ ಸಂಜೆ ಯಜಮಾನರ ಸ್ಕೂಟರಿನಲ್ಲಿ ಮತ್ತೆ ಅದೇ ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿನ್ನುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಕಷ್ಟವೇನೆಂದರೆ, ನಡುದಾರಿಯ ಬಾತಿ ಊರು ದಾಟುತ್ತಿದ್ದಂತೆ ನನಗೆ ಆಫೀಸು ನೆನಪಾಗುತ್ತದೆ. ಬಸ್ಸಿನಲ್ಲೂ ಅಲ್ಲೇ ನೆನಪಾಗಿ ಅಭ್ಯಾಸ. ಸ್ಕೂಟರಿನ ಹಿಂದೆ ಕೂತಲ್ಲೇ ನಮ್ಮ ಅಂಗಡಿಯ ಸಾವ್ಕಾರರಿಗೆ ಮೆಸೇಜು ಹಾಕಿಬಿಡುತ್ತಿದ್ದೆ.

ಸಾವ್ಕಾರರು ಮೆಸೇಜಿಗೆ ಮೆಸೇಜು ಬರೆಯುವವರಲ್ಲ, ಫೋನೇ ಮಾಡುತ್ತಾರೆ. "ಮೇಡಂ, ನಿಮ್ ಮೆಸೇಜ್ ಬಂತ್ರಿ. ಲೋಕಿಕೆರೆಯೋರಿಗೆ ಬೇರಿಂಗ್ ಕಳಿಸ್ಬೇಕು ಅಂತ ಬರ್ದೀರಿ" ಎಂದು ನಾನು ಬರೆದದ್ದನ್ನು ನನಗೇ ಓದಿ ಹೇಳುತ್ತಾರೆ. ಅಲ್ಲಿಂದ ಮಾತು ಲೋಕಿಕೆರೆಯವರ ತಾತನ ಕಾಲದ ಟ್ರ್ಯಾಕ್ಟರಿಗೆ ಹೋಗಿ, ತಾತನ ಮಂಡಿನೋವಿಗೂ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ನನ್ನ ದೋಸೆ ಆರಿ ತಣ್ಣಗಾಗಿರುತ್ತದೆ. ಕೊನೆಗೊಂದು ಭಾನುವಾರ ಯಜಮಾನರಿಗೆ ರೇಗಿತು. "ನೀನು ಸಾವ್ಕಾರ್ರ ಸಂಗಡಾನೇ ಮಾತಾಡ್ಕೊಂಡು ತಿನ್ನು. ನಡುವೆ ನಾನ್ಯಾಕ? ಮುಂದಿನ ಭಾನುವಾರದಿಂದ ಇದೆಲ್ಲ ಬ್ಯಾಡ" ಎಂದುಬಿಟ್ಟರು. ವಾರದಲ್ಲಿ ನಾವಿಬ್ಬರೂ ಎದುರುಬದುರು ಕೂರುವುದು ಅದೊಂದೇ ಹೊತ್ತು.

ಪುಣ್ಯಕ್ಕೆ, ಆ ಸಿಟ್ಟಿನಲ್ಲೇ ಫೋನು ಕಿತ್ತುಕೊಂಡು ಅವರೇ ಉಪಾಯವನ್ನೂ ಕಲಿಸಿದರು. ಕಳಿಸುವ ಗುಂಡಿಯನ್ನು ಸ್ವಲ್ಪ ಒತ್ತಿ ಹಿಡಿದರೆ, ಮೆಸೇಜು ಈಗ ಬರೆದು, ಹೋಗುವ ಹೊತ್ತನ್ನು ಮಾತ್ರ ಮುಂದಕ್ಕೆ ಹಾಕಬಹುದಂತೆ! ಆದರೆ ಹೊತ್ತು ಆರಿಸಿದ ಬುದ್ಧಿ ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಸೋಮವಾರ ಬೆಳಗ್ಗೆ ಸಾವ್ಕಾರರು ಲಿಂಗಪೂಜೆಗೆ ಕೂರುವ ಹೊತ್ತು. ಆಗ ಲೋಕವೇ ಮುಳುಗಿದರೂ ಅವರು ಫೋನು ಮುಟ್ಟುವುದಿಲ್ಲ.

ಮುಂದಿನ ಭಾನುವಾರ ಬಿಸಿ ದೋಸೆ ತಿಂದೆ, ನೋಡಿ! ಬಾತಿಯಲ್ಲಿ ನೆನಪಾದದ್ದೆಲ್ಲ ಫೋನಿನೊಳಗೆ ತೆಪ್ಪಗೆ ಕೂತಿತ್ತು. ಮಾರನೆಯ ದಿನ ಆಫೀಸಿನಲ್ಲಿ ಸಾವ್ಕಾರರು ಎಲ್ಲರನ್ನೂ ಕೂಡಿಸಿ, "ನಾನು ಪೂಜೆಗೆ ಕೂತಾಗ್ಲೇ ಮೇಡಂ ಕೆಲ್ಸಕ್ಕೆ ಕೂತಿರ್ತಾರೆ. ನೋಡಿ ಕಲೀರಿ!" ಎಂದರು. ನಾನು ತಲೆ ತಗ್ಗಿಸಿ ವಿನಯ ತೋರಿಸಿದೆ. ಆ ಹೊತ್ತಿನಲ್ಲಿ ನಾನು ಮುಸುಕು ಹಾಕಿ ಮಲಗಿದ್ದೆ ಎಂಬುದು ಅಲ್ಲಿ ಯಾರಿಗೂ ಬೇಕಿಲ್ಲದ ವಿಷಯ. ಅಂದಿನಿಂದ ಸೋಮವಾರದ ಮೀಟಿಂಗೆಂದರೆ ನನಗೆ ಸನ್ಮಾನ ಸಮಾರಂಭ. ಮನೆಗೆ ಬಂದು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು: "ಮೀಟಿಂಗ್‌ನಾಗೆ ಫೋನ್ ಎತ್ತಂಗಿಲ್ಲ ಕಣ್ರೀ, ಇಲ್ದಿದ್ರೆ ಸಾವ್ಕಾರ್ರು ಹೊಗಳೋದನ್ನ ನಿಮಗೂ ಕೇಳಿಸ್ತಿದ್ದೆ." ಯಜಮಾನರು "ಹೌದಾ?" ಎಂದಷ್ಟೇ ಹೇಳಿ ಮಜ್ಜಿಗೆ ಕುಡಿದರು.

ಮೊನ್ನೆ ಸೋಮವಾರ ಸಾವ್ಕಾರರು ನನ್ನನ್ನು ಪಕ್ಕದಲ್ಲೇ ಕೂಡಿಸಿಕೊಂಡು ಹೊಗಳಲು ಬಾಯಿ ತೆರೆಯುವುದಕ್ಕೂ ನನ್ನ ಫೋನು ಟಿಣ್ ಎನ್ನುವುದಕ್ಕೂ ಸರಿಹೋಯಿತು. ಯಜಮಾನರ ಮೆಸೇಜು. "ಬರೋ ಭಾನುವಾರ ದೋಸೆ ಇಲ್ಲ. ಮಲೆಬೆನ್ನೂರಿಗೆ ನಮ್ಮಕ್ಕನ ಮನೆಗೆ ಹೋಗೋದೈತೆ. ಆಗಂಗಿಲ್ಲ ಅಂದ್ರೆ ಈಗ್ಲೇ ಫೋನ್ ಮಾಡಿ ಹೇಳು. ಮಾಡ್ಲಿಲ್ಲ ಅಂದ್ರೆ ನೀನು ಒಪ್ಪಿದಂಗೆ."

"ಅರ್ಜೆಂಟೇನ್ರಿ ಮೇಡಂ?" ಎಂದರು ಸಾವ್ಕಾರರು.

"ಏನಿಲ್ರಿ" ಎಂದೆ. ಹಿಂದಿನ ಸಂಜೆ ನಾನು ಮೈಮರೆತು ಎರಡನೆಯ ದೋಸೆ ಮುರಿಯುತ್ತಿದ್ದಾಗ ಯಜಮಾನರು ಎದುರಿಗೇ ಕೂತು ಫೋನನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು. "ಏನ್ರೀ ಅದು?" ಎಂದು ನಾನು ಕೇಳಿಯೂ ಇದ್ದೆ.

"ಏನಿಲ್ಲ, ನೀನು ತಿನ್ನು" ಎಂದಿದ್ದರು.