ತುಂಬಿದ ಚೆಂಬು, ಎತ್ತರದ ಜೀಪು

ಮನುಷ್ಯನ ಬೆನ್ನಿನಲ್ಲಿ ಎಷ್ಟು ಮೂಳೆಗಳಿವೆ ಎಂದು ಹೇಳಲು ಡಾಕ್ಟರು ಪುಸ್ತಕ ತೆಗೆಯಬೇಕು. ಹಳೇ ಜೀಪು ಇಟ್ಟುಕೊಂಡವನು ಕೂತಲ್ಲೇ ಹೇಳುತ್ತಾನೆ, ಏಕೆಂದರೆ ಅವನಿಗೆ ಒಂದೊಂದೂ ಬೇರೆ ಬೇರೆಯಾಗಿ ನೋಯುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಎರಡು ಸಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಹಾಗೆ ಹೇಳುವವರನ್ನು ಕಂಡರೆ ಎದ್ದು ಹೋಗುತ್ತೇನೆ. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದು ಜೀಪಿಗೆ ಸರಿಯಾದ ಶಾಕ್ ಅಬ್ಸಾರ್ಬರ್ ಆರಿಸಲು ಬಾರದೆ, ಎಪ್ಪತ್ತು ದಾಟಿದ ಒಬ್ಬ ಅಜ್ಜಿಯನ್ನು ನಾನು ಉಪವಾಸ ಕೆಡವಿದೆ. ಒಂದು ದಿನವಲ್ಲ.

ಜೀಪು ಮಿಲಿಟರಿಯವರು ಸಾಕಪ್ಪ ಎಂದು ಹರಾಜು ಹಾಕಿದ್ದು. ಯುದ್ಧಕ್ಕೆ ಆಗದ್ದು ಮಾದಿಹಳ್ಳಿಗೆ ಆಗುತ್ತದೆ ಎಂದು ನಾನು ಎಣಿಸಿದ್ದೆ. ಬಾಡಿಗೆಗೆ ಓಡಿಸೋಣ ಎಂದು ಮಾದಿಹಳ್ಳಿ ಹುಣಸೆ ಮರದ ಕೆಳಗೆ ತಂದು ನಿಲ್ಲಿಸಿದೆ. ಅದು ಅಲ್ಲೇ ನಿಂತಿತು. ಬಸ್ಸು ಇರುವ ಕಡೆಗೆ ಯಾರೂ ಜೀಪು ಹತ್ತುವುದಿಲ್ಲ, ಬಸ್ಸು ಇಲ್ಲದ ಕಡೆಗೆ ನನ್ನ ಜೀಪು ಹೋಗುತ್ತಿರಲಿಲ್ಲ. ಎರಡು ತಿಂಗಳು ಅದರ ಬಾನೆಟ್ಟಿನ ಮೇಲೆ ನಾನೂ ಕಾಗೆಗಳೂ ಸರದಿಯಲ್ಲಿ ಕೂತೆವು. ಆಗ ಒಂದು ದಿನ ತೋಟದ ಮನೆಯ ವಿಜಯಮ್ಮನವರು ಬಂದರು. ಜೈನರ ಮನೆ, ಊರಾಚೆ ಎರಡು ಮೈಲಿ ಒಳಗೆ ತೆಂಗಿನ ತೋಟದಲ್ಲಿದೆ. "ರಂಗಣ್ಣ, ಅಷ್ಟಮಿ ಚತುರ್ದಶಿಗೆ ನಮ್ಮತ್ತೆನ ಹಳೇಬೀಡಿನ ಬಸದಿಗೆ ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದರು. ಕರೆದುಕೊಂಡು ಹೋಗುವುದೇನು, ಹೊತ್ತುಕೊಂಡೇ ಹೋಗುತ್ತೇನೆ ಎಂದೆ.

ಅತ್ತೆ ಎಂದರೆ ಚಂದ್ರಮತಮ್ಮ. ಊರಿಗೆಲ್ಲ ಅಜ್ಜಿ. ಅವರು ಒಂದು ನೋಂಪಿ ಹಿಡಿದಿದ್ದರು. ನೋಂಪಿ ಎಂದರೆ ಅವರಲ್ಲಿ ವ್ರತ. ಅಷ್ಟಮಿಗೊಂದು, ಚತುರ್ದಶಿಗೊಂದು ಎಂದು ಮನೆಯ ಹಸುವಿನ ಹಾಲನ್ನು ಹಿತ್ತಾಳೆ ಚೆಂಬಿನಲ್ಲಿ ಅಂಚಿನವರೆಗೆ ತುಂಬಿಕೊಂಡು ಬಸದಿಗೆ ಒಯ್ಯಬೇಕು. ದಾರಿಯಲ್ಲಿ ತುಳುಕಬಾರದು. ಅಭಿಷೇಕ ಆದ ಮೇಲೇ ಊಟ. ತುಳುಕಿದರೆ ಆ ದಿನ ಲೆಕ್ಕಕ್ಕಿಲ್ಲ, ಊಟವೂ ಇಲ್ಲ. ನೋಂಪಿ ಮುಗಿಯಲು ಇನ್ನು ನಾಲ್ಕೇ ದಿನ ಬಾಕಿ ಇದ್ದವು. ಇದೆಲ್ಲ ನನಗೆ ಗೊತ್ತಾದದ್ದು ಮೊದಲನೇ ದಿನ ಹಾಲು ಚೆಲ್ಲಿದ ಮೇಲೆ.

ಚೆಲ್ಲಿದ್ದು ಹೀಗೆ. ತೋಟದ ದಾರಿ ಎಂದರೆ ಗಾಡಿ ಜಾಡು. ಎರಡು ಕಡೆ ಚಕ್ರ ಕೊರೆದ ಹಳ್ಳ, ನಡುವೆ ಹುಲ್ಲು ಬೆಳೆದ ದಿಬ್ಬ. ಜೀಪಿನ ಹೊಟ್ಟೆ ಹೋಗಿ ದಿಬ್ಬಕ್ಕೆ ಗುದ್ದಿತು. ಜೀಪು ನಿಂತಿತು, ಹಾಲು ನಿಲ್ಲಲಿಲ್ಲ. ಅಜ್ಜಿ ಬೈಯಲಿಲ್ಲ. ಚೆಂಬಿನೊಳಗೆ ನೋಡಿ, "ಇವತ್ತು ಉಪವಾಸ" ಎಂದರು, ಇವತ್ತು ಸೋಮವಾರ ಎನ್ನುವ ಹಾಗೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

"ಅಜ್ಜೀ, ಮುಚ್ಚಳ ಇರೋ ಕ್ಯಾನು ತಂದ್ಕೊಡ್ತೀನಿ, ಅದಕ್ಕೆ ಹಾಕ್ಕಳಿ" ಎಂದೆ.

"ಬಾಯಿ ತೆರೆದ ಚೆಂಬು ಅಂತ ಸ್ವಾಮಿ ಮುಂದೆ ಹೇಳಿ ಹಿಡಿದಿದ್ದೀನಿ ಕಣಪ್ಪ. ನಿನ್ನ ಜೀಪು ಬಂತು ಅಂತ ಸ್ವಾಮಿಗೆ ಬೇರೆ ಹೇಳೋಕಾಗುತ್ತಾ?"

ಸ್ವಾಮಿಗೆ ಹೇಳುವುದು ಕಷ್ಟ, ಜೀಪಿಗೆ ಹೇಳುವುದು ಸುಲಭ ಎಂದು ನಾನು ತಿಳಿದೆ. ಜೀಪನ್ನು ಎತ್ತರ ಮಾಡಿಸಿದರೆ ಮುಗಿಯಿತು. ಎಷ್ಟು ಎತ್ತರ ಎಂದು ಅಳೆಯಲು ನನ್ನ ಹತ್ತಿರ ಅಡಿಕೋಲು ಇರಲಿಲ್ಲ, ತೋಟದಲ್ಲಿ ತೆಂಗಿನಕಾಯಿ ಇತ್ತು. ದಿಬ್ಬದ ಪಕ್ಕ ಇಟ್ಟು ನೋಡಿದೆ. ಒಂದು ಸುಲಿದ ಕಾಯಿಯಷ್ಟು ಎತ್ತಿದರೆ ಸಾಕಿತ್ತು. ಆದರೆ ಯಾರು ಸುಲಿಯುತ್ತಾರೆ ಎಂದು ಸಿಪ್ಪೆ ಸಮೇತ ಅದನ್ನೇ ಅಳತೆಗೆ ಎತ್ತಿಕೊಂಡು ಅರಸೀಕೆರೆಗೆ ಹೋದೆ. ಅಲ್ಲಿ ಬಾಷಣ್ಣನ ಗ್ಯಾರೇಜಿದೆ. ಗ್ಯಾರೇಜು ಎಂದರೆ ಒಂದು ಬೇವಿನ ಮರ, ಒಂದು ಗುಂಡಿ. ಬಾಷಣ್ಣ ಕಾಯಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ಇಷ್ಟು ಎತ್ಬೇಕಾ? ಅರೆ ಭಾಯ್, ಇದು ಜೀಪಾ, ಅಟ್ಟಾನಾ?"

"ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾ. ಎತ್ತಣ್ಣ, ಮಾತು ಬ್ಯಾಡ."

ಎತ್ತಿದ. ಕಮಾನಿನ ಪಾಟಾ, ಎಂದರೆ ಜೀಪಿನ ಕೆಳಗೆ ಒಂದರ ಮೇಲೊಂದು ಜೋಡಿಸಿರುವ ಉಕ್ಕಿನ ಪಟ್ಟಿಗಳು, ಅವುಗಳ ಜೊತೆಗೆ ಲಾರಿಯ ಪಾಟಾ ಕತ್ತರಿಸಿ ಸೇರಿಸಿದ. ಆ ಕೆಲಸ ನಡೆದಷ್ಟು ಹೊತ್ತೂ ದಾರಿಯಲ್ಲಿ ಹೋಗುವವರೆಲ್ಲ ಬಂದು ಜೀಪಿನ ಮೂತಿಯನ್ನು ಅಂಗೈಯಿಂದ ಒತ್ತಿ ನೋಡಿದರು. ಅರಸೀಕೆರೆಯಲ್ಲಿ ಜೀಪು ಒತ್ತಿ ನೋಡದ ಗಂಡಸೇ ಇಲ್ಲ. ಒಬ್ಬ "ಬಿಗಿ ಐತೆ" ಎಂದ, ಇನ್ನೊಬ್ಬ "ಸಡ್ಲ ಐತೆ" ಎಂದ, ಕೊಬ್ಬರಿ ಮಂಡಿಯ ಹಮಾಲಿಯೊಬ್ಬ ಒತ್ತಿ, ಏನೂ ಹೇಳದೆ ನನ್ನ ಮುಖ ನೋಡಿ ಹೋದ. ನನಗೆ ಹೆದರಿಕೆಯಾದದ್ದು ಅವನಿಂದಲೇ.

ಅಷ್ಟಮಿಯ ದಿನ ಜೀಪನ್ನು ತೋಟದ ಮನೆಯ ಮುಂದೆ ನಿಲ್ಲಿಸಿದರೆ ಮೆಟ್ಟಿಲು ಅಜ್ಜಿಯ ಸೊಂಟಕ್ಕೆ ಬಂತು. ಮಣೆ ಇಟ್ಟೆವು, ಸಾಲಲಿಲ್ಲ. ಕೊನೆಗೆ ದನಕ್ಕೆ ನೀರು ಇಡುವ ಕಲ್ಲುಬಾನಿಯ ಪಕ್ಕಕ್ಕೆ ಜೀಪು ತಂದೆ. ಅಜ್ಜಿ ಬಾನಿಯ ಅಂಚು ಹತ್ತಿ, ಅಲ್ಲಿಂದ ಸೀಟಿಗೆ ಕಾಲಿಟ್ಟರು. ಹಸು ನೀರು ಕುಡಿಯುವುದನ್ನು ಬಿಟ್ಟು ನೋಡಿತು. ವಿಜಯಮ್ಮ ಚೆಂಬನ್ನು ಮೇಲಕ್ಕೆ ಕೊಟ್ಟರು. ಹೊರಟೆವು. ದಿಬ್ಬ ತಗಲಲಿಲ್ಲ, ಅದು ನಿಜ. ಆದರೆ ಹತ್ತು ಟನ್ನಿನ ಲಾರಿಗೆ ಮಾಡಿದ ಪಾಟಾಕ್ಕೆ ನಾನೂ ಅಜ್ಜಿಯೂ ಯಾವ ಲೆಕ್ಕ? ಅದು ಒಂದು ನೂಲಿನಷ್ಟೂ ಬಗ್ಗಲಿಲ್ಲ. ಜೋಳದ ಗಾತ್ರದ ಕಲ್ಲಿಗೂ ಜೀಪು ಎಗರಿತು. ಹಾಲು ನೇರವಾಗಿ ಮೇಲಕ್ಕೆ ಹೋಗಿ, ಟಾರ್ಪಾಲಿಗೆ ತಗುಲಿ, ನನ್ನ ನೆತ್ತಿಯ ಮೇಲೆ ಇಳಿಯಿತು. ಅಭಿಷೇಕ ನಡೆಯಿತು, ಸ್ವಾಮಿಗಲ್ಲ.

"ಇವತ್ತೂ ಉಪವಾಸ" ಎಂದು ಅಜ್ಜಿ ಸೆರಗಿನಿಂದ ನನ್ನ ತಲೆ ಒರೆಸಿದರು.

ಬಾಷಣ್ಣನನ್ನು ಹಿಡಿದು ಜಾಡಿಸಿದೆ. ಅವನು ನಿಧಾನವಾಗಿ ಬೀಡಿ ಹಚ್ಚಿಕೊಂಡ. "ಪಾಟಾ ಎತ್ತಿದ್ಮ್ಯಾಗೆ ಹಳೇ ಶಾಕಪ್ಪು ನಡೆಯಲ್ಲ. ಉದ್ದಂದು ಬೇಕು, ಮೆತ್ತಂದು ಬೇಕು. ಮೊದ್ಲೇ ಹೇಳೋಕ್ಕೆ ನೀನು ಮಾತು ಬ್ಯಾಡ ಅಂದ್ಯಲ್ಲ?" ಶಾಕಪ್ಪು ಎಂದರೆ ಆ ಶಾಕ್ ಅಬ್ಸಾರ್ಬರೇ, ಗುದ್ದು ನುಂಗುವ ಎಣ್ಣೆಯ ಕೊಳವೆ. ಅವನನ್ನೂ ಕರೆದುಕೊಂಡು ಗುಜರಿಗೆ ಹೋದೆ. ಗುಜರಿಯವನು ಒಂದು ರಾಶಿ ಶಾಕಪ್ಪುಗಳನ್ನು ನೆಲಕ್ಕೆ ಸುರಿದ. ಬಸ್ಸಿನದು, ಕಾರಿನದು, ಯಾವುದರದ್ದೆಂದು ದೇವರಿಗೂ ಗೊತ್ತಿಲ್ಲದ್ದು. ಒಂದೊಂದನ್ನೇ ಸೈಕಲ್ ಪಂಪಿನ ಹಾಗೆ ಎಳೆದು ಒತ್ತಿ ನೋಡಬೇಕು. ಒಂದು ಎಳೆದರೆ ಬರಲಿಲ್ಲ. ಇನ್ನೊಂದು ಬಂದದ್ದು ಒಳಗೆ ಹೋಗಲಿಲ್ಲ. ಮತ್ತೊಂದು ಎಣ್ಣೆ ಕಾರಿ ನನ್ನ ಅಂಗಿ ಕೆಡಿಸಿತು. ಮಧ್ಯಾಹ್ನದವರೆಗೆ ಎಳೆದು ಎಳೆದು ತೋಳು ಬಿದ್ದುಹೋದ ಮೇಲೆ, ಕಾರಿನದೊಂದು ಜೊತೆ ಬೆಣ್ಣೆಯ ಹಾಗೆ ಜಾರಿತು. ಅದನ್ನೇ ಆರಿಸಿದೆ. ಶಾಕಪ್ಪು ಒಳ್ಳೆಯದಿತ್ತೋ, ನನ್ನ ತೋಳಿಗೆ ಸಾಕಾಗಿತ್ತೋ, ಈಗಲೂ ತಿಳಿಯದು. ಹಾಕುವಾಗ ಬಾಷಣ್ಣ ಸೇರಿಸಿದ್ದ ಲಾರಿಯ ಬಿಗಿ ಪಾಟಾಗಳನ್ನು ಬಿಚ್ಚಿ, ಆ ಜಾಗಕ್ಕೆ ಮರದ ತುಂಡು ಕೊಟ್ಟ. ಎತ್ತರ ಹಾಗೇ ಉಳಿಯಿತು, ಜೀಪು ಮೆತ್ತಗಾಯಿತು.

ಮೆತ್ತಗೆ ಎಂದರೆ ತೊಟ್ಟಿಲು. ಚತುರ್ದಶಿಯ ದಿನ ಒಂದು ಹಳ್ಳ ಇಳಿದು ಹತ್ತಿದರೆ ಸಾಕು, ಅದು ಎಡಕ್ಕೂ ಬಲಕ್ಕೂ ತೂಗುತ್ತಾ ಅರ್ಧ ಫರ್ಲಾಂಗು ಹೋಗುತ್ತಿತ್ತು. ಎತ್ತರದ ಜೀಪು, ಸಡಿಲ ಸೊಂಟ. ಮೊದಲು ಮೇಲಕ್ಕೆ ಹೋದ ಹಾಲು ಈಗ ಪಕ್ಕಕ್ಕೆ ಹೋಯಿತು. ಅಜ್ಜಿ ಈ ಸಲ ಉಪವಾಸ ಎಂದು ಕೂಡ ಹೇಳಲಿಲ್ಲ, ನನಗೇ ಗೊತ್ತಿತ್ತಲ್ಲ. ವಾಪಸು ಬಿಟ್ಟು ಬರುವಾಗ ವಿಜಯಮ್ಮ ಬೇಲಿಯವರೆಗೆ ಬಂದರು. "ರಂಗಣ್ಣ, ನಾವೆಲ್ಲ ಉಣ್ಣೋವಾಗ ಅತ್ತೆ ಗೋಡೆ ಕಡೆ ತಿರುಗಿ ಬತ್ತಿ ಹೊಸೀತಾ ಕೂತಿರ್ತಾರೆ. ನಮಗೆ ತುತ್ತು ಇಳಿಯಲ್ಲ ಕಣಪ್ಪ" ಎಂದರು. ಆ ವಾರ ನನಗೂ ಇಳಿಯಲಿಲ್ಲ. ಇಷ್ಟೊಂದು ಕಬ್ಬಿಣ, ಇಷ್ಟೊಂದು ಎಣ್ಣೆ, ಒಂದು ಚೆಂಬು ಹಾಲು ನಿಲ್ಲಿಸಲು ಆಗುವುದಿಲ್ಲವೆಂದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಲಾರಿ ಓಡಿಸುವ ನನ್ನ ಸೋದರಮಾವ ತಿಮ್ಮೇಗೌಡನ ಹತ್ತಿರ ಹೇಳಿಕೊಂಡೆ. ಅವನು ಕಣಕಟ್ಟೆಯಿಂದ ಕಾಯಿ ಹೇರುವವನು. ಕೇಳಿ ಬಿದ್ದು ಬಿದ್ದು ನಕ್ಕ.

"ಏನ್ಲಾ ರಂಗ, ಖಾಲಿ ಲಾರಿ ಎಗರ್ತದೆ, ಲೋಡ್ ಲಾರಿ ತೇಲ್ತದೆ. ಅಷ್ಟೂ ತಿಳಿಯಾಕಿಲ್ವೇನ್ಲಾ? ಆ ಲಾರಿ ಪಾಟಾನೇ ಮತ್ತೆ ಹಾಕ್ಸು. ಹಿಂದ್ಗಡೆ ಕಾಯಿ ತುಂಬು. ನಿನ್ನ ಅಜ್ಜಿ ಹೂವಿನ ಮ್ಯಾಲೆ ಕೂತಂಗೆ ಹೋಯ್ತದೆ."

ಇದು ನನ್ನ ಜೀವನದಲ್ಲಿ ಯಾರೂ ಹೇಳದ ಬುದ್ಧಿವಂತಿಕೆ ಎನ್ನಿಸಿತು. ಪಾಟಾ ಮತ್ತೆ ಹಾಕಿಸಿದೆ. ಅಷ್ಟಮಿಯ ಬೆಳಿಗ್ಗೆ ಅಜ್ಜಿಯ ತೋಟದ ಕಾಯಿಗಳನ್ನೇ ಜೀಪಿನ ಹಿಂಬದಿ ತುಂಬ ಒಟ್ಟಿದೆ. ಮೂವತ್ತೈದು ಕೆಜಿ ತೂಗುವ ಅಜ್ಜಿಯನ್ನು ಬಸದಿಗೆ ಮುಟ್ಟಿಸಲು ಅರ್ಧ ತೋಟದ ಕಾಯಿ. ಹೊರಟೆವು. ಮಾವ ಹೇಳಿದ್ದು ಸುಳ್ಳಲ್ಲ, ಜೀಪು ತೇಲಿತು. ಚೆಂಬಿನ ಅಂಚಿನಲ್ಲಿ ಹಾಲು ಕನ್ನಡಿಯ ಹಾಗೆ ನಿಂತಿತ್ತು. ನಾನು ಹಿಗ್ಗಿನಿಂದ ತಿರುಗಿ ನೋಡಿದೆ, ಅಜ್ಜಿಯೂ ನಕ್ಕರು. ಆಗ ಕೆಳಗಿನಿಂದ 'ಕರ್ರ್' ಎಂದಿತು. ಕಾಯಿಯ ಭಾರಕ್ಕೆ ಜೀಪು ಎತ್ತಿದ್ದಷ್ಟೂ ಕುಸಿದು, ಹೊಟ್ಟೆ ಹೋಗಿ ಅದೇ ದಿಬ್ಬದ ಮೇಲೆ ಕೂತಿತ್ತು. ಚಕ್ರಗಳು ಗಾಳಿಯಲ್ಲಿ ತಿರುಗಿದವು. ಮೂರು ವಾರದ ಕೆಲಸ ನನ್ನನ್ನು ಮೊದಲನೇ ದಿನಕ್ಕೇ ತಂದು ಬಿಟ್ಟಿತು.

ಆದರೆ ಹಾಲು ಚೆಲ್ಲಿರಲಿಲ್ಲ. ಅಜ್ಜಿ ಚೆಂಬು ಹಿಡಿದು ಸಲೀಸಾಗಿ ಇಳಿದರು, ಜೀಪು ಅಷ್ಟು ತಗ್ಗಿತ್ತು. "ಬಾ, ಅಭಿಷೇಕದ ಹೊತ್ತಾಯ್ತು" ಎಂದು ನಡೆಯತೊಡಗಿದರು. ನಾನು ಹಿಂದೆ ಓಡಿದೆ. ಹಳ್ಳ, ದಿಬ್ಬ, ಕಲ್ಲು, ಒಂದಕ್ಕೂ ಆ ಚೆಂಬು ಅಲುಗಲಿಲ್ಲ. ಅವರ ಮೊಣಕಾಲು ಎಲ್ಲಿ ಬಗ್ಗುತ್ತಿತ್ತೋ, ಸೊಂಟ ಎಲ್ಲಿ ತಡೆಯುತ್ತಿತ್ತೋ, ಯಾವ ಗುಜರಿಯಲ್ಲೂ ಅಂಥದ್ದು ಸಿಗಲಾರದು.

"ಅಜ್ಜೀ, ಇಷ್ಟು ಚೆಂದಾಗಿ ನಡೀತೀರಲ್ಲ, ಜೀಪು ಯಾಕೆ ಬೇಕಿತ್ತು ನಿಮಗೆ?"

"ನನಗೆಲ್ಲಿ ಬೇಕಿತ್ತೋ? ಇಷ್ಟು ವರ್ಷ ನಡೆದೇ ಹೋಗ್ತಿದ್ದೆ. ನೀನು ಆ ಮರದ ಕೆಳಗೆ ಸೂತಕದೋನ ಥರ ಕೂತಿರ್ತಿದ್ದೆ. ಯಾರಾದರೂ ಒಬ್ಬರು ಹತ್ತಿದರೆ ಹುಡುಗ ಗೆಲುವಾಗ್ತಾನೆ ಅಂತ ನಾನೇ ಸೊಸೆನ ಕಳಿಸಿದೆ."

"ಮತ್ತೆ ಉಪವಾಸ?"

"ಬೇಡ ಅಂದರೆ ಎಲ್ಲಿ ಅತ್ತುಬಿಡ್ತೀಯೋ ಅಂತ ಸುಮ್ಮನಿದ್ದೆ."

ನನಗೆ ಅಲ್ಲೇ ಯಾವುದಾದರೂ ಬಾವಿ ಇದ್ದರೆ ಚೆನ್ನಾಗಿತ್ತು ಎನ್ನಿಸಿತು. ಹಳೇಬೀಡಿನ ಕೆರೆ ಏರಿ ಕಾಣುವ ಹೊತ್ತಿಗೆ ಅಜ್ಜಿಯ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಚೆಂಬನ್ನು ನೆಲಕ್ಕೆ ಇಡುವ ಹಾಗಿಲ್ಲ. ಅರೆಗಳಿಗೆ ಯೋಚಿಸಿ, "ಹಿಡ್ಕೋ, ಜೋಪಾನ" ಎಂದು ನನ್ನ ಕೈಗೆ ಕೊಟ್ಟರು. ನಾನು ಉಸಿರು ಬಿಗಿಹಿಡಿದೆ. ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಒತ್ತಿದಷ್ಟೂ ಕೈ ನಡುಗಿತು, ನಡುಗಿದಷ್ಟೂ ಒತ್ತಿದೆ. ನಿಂತಲ್ಲೇ ನಿಂತಿದ್ದೆ, ಒಂದು ಹೆಜ್ಜೆಯನ್ನೂ ಇಡಲಿಲ್ಲ. ಹಾಲು ಮೊಣಕೈಯವರೆಗೆ ಹರಿಯಿತು.

ಅಜ್ಜಿ ಮುಳ್ಳು ಕಿತ್ತು, ತಲೆಯೆತ್ತಿ, ಚೆಂಬು ನೋಡಿದರು. ನನ್ನ ಮುಖವನ್ನೂ ನೋಡಿದರು.

"ಹೋಗಲಿ ಬಿಡಪ್ಪ. ಚತುರ್ದಶಿಗೆ ಜೀಪಲ್ಲೇ ಬರೋಣ. ನಿನ್ನ ಕೈಗಿಂತ ಅದೇ ವಾಸಿ."

ನೋಂಪಿಗೆ ಈಗಲೂ ನಾಲ್ಕೇ ದಿನ ಬಾಕಿ ಇವೆ. ಆ ದಿನ ಅಜ್ಜಿಯ ಜೊತೆ ನಾನೂ ಊಟ ಮಾಡಲಿಲ್ಲ. ಇದನ್ನು ಕೇಳಿ ವಿಜಯಮ್ಮನವರು ರಂಗಣ್ಣನಿಗೆ ಎಷ್ಟು ಭಕ್ತಿ ಎಂದು ಎಲ್ಲರ ಹತ್ತಿರ ಹೇಳುತ್ತಿದ್ದಾರಂತೆ. ಭಕ್ತಿಯೂ ಇಲ್ಲ, ಗಿಕ್ತಿಯೂ ಇಲ್ಲ. ದಿಬ್ಬದ ಮೇಲೆ ಕೂತ ಜೀಪಿನಿಂದ ಒಂದೊಂದೇ ಕಾಯಿ ಇಳಿಸಿ, ತೋಟಕ್ಕೆ ಹೊತ್ತು ಹಾಕುವಷ್ಟರಲ್ಲಿ ಹೊತ್ತು ಮುಳುಗಿತ್ತು, ಜೈನರ ಮನೆಯಲ್ಲಿ ಆಮೇಲೆ ಊಟ ಇಲ್ಲ.