ಎಷ್ಟು ಸಲ ಹೋದಿರಿ, ಬರೆದಿಡಿ

ಜನ ತಮ್ಮ ಉಚ್ಚೆಯ ವಿಷಯವನ್ನು ಬೇರೆಯವರ ಮುಂದೆ ಬಾಯಿಬಿಟ್ಟು ಹೇಳಲೇಬೇಕಾದ ಜಾಗದಲ್ಲಿ, ನಗು ಬಾರದೆ ಒಂದು ವಾರವೂ ಕಳೆಯುವುದಿಲ್ಲ. ಅಂಥ ಜಾಗದಲ್ಲಿ ನಾನು ಮೇಜು ಹಾಕಿಕೊಂಡು ಕೂತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಶಿಕಾರಿಪುರದ ಒಬ್ಬ ಡಾಕ್ಟರ ಕ್ಲಿನಿಕ್ಕು. ಕಿಡ್ನಿಯಲ್ಲಿ ಕಲ್ಲಾದವರು, ವಯಸ್ಸಾಗಿ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಒಂದಕ್ಕೆ ಹೋಗಲು ಒದ್ದಾಡುವವರು ಅಲ್ಲಿಗೆ ಬರುತ್ತಿದ್ದರು. ದೊಡ್ಡ ಊರಿನ ವೈದ್ಯರು ಒಂದು ಹೊಸ ಮಾತ್ರೆಯನ್ನು ಪರೀಕ್ಷಿಸುತ್ತಿದ್ದರು, ನಮ್ಮ ಡಾಕ್ಟರೂ ಅವರ ಜೊತೆ ಸೇರಿಕೊಂಡರು. ಒಪ್ಪಿದ ಪೇಷೆಂಟಿಗೆ ಒಂದು ನಂಬರು, ಒಂದು ಸೀಸೆ ಮಾತ್ರೆ, ಒಂದು ನೋಟ್‌ಬುಕ್ಕು. ಹಗಲು ಎಷ್ಟು ಸಲ, ರಾತ್ರಿ ಎಷ್ಟು ಸಲ, ಉರಿ ಇತ್ತೋ, ತಡೆದು ತಡೆದು ಬಂತೋ, ಎಲ್ಲ ಬರೆದಿಡಬೇಕು. ಅದನ್ನೆಲ್ಲ ಓದಿ ರಿಜಿಸ್ಟರಿಗೆ ಏರಿಸಲು ಅಕ್ಷರ ನೆಟ್ಟಗಿರುವ ಒಬ್ಬರು ಬೇಕಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸು. ಮಗಳಿಗೆ ಆಗ ಎರಡು ವರ್ಷ.

ಗಂಡ ಒಪ್ಪಿದರು. ಮಾವ ಒಪ್ಪಲಿಲ್ಲ. ಅವರಿಗೆ ಪೇಟೆಯಲ್ಲಿ ಬೀಜ, ಹಗ್ಗ, ಗೋಣಿಚೀಲದ ಅಂಗಡಿ. ನನ್ನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಅವರಿಗಿರಲಿಲ್ಲ. ನಾನು ಎದುರಿಗೇ ನಿಂತಿದ್ದರೂ ಅತ್ತೆಗೆ ಹೇಳುವರು. "ದೀಪಾವಳಿವರೆಗೆ ಹೋಗಲಿ ಅಂತ ಹೇಳೇ ಅವಳಿಗೆ. ಅಷ್ಟರೊಳಗೆ ಊರಲ್ಲಿ ಯಾರಾದರೂ ಒಂದು ಮಾತು ಆಡಿದರೆ, ಅವತ್ತೇ ಕೆಲಸ ಬಿಡಬೇಕು."

ನನಗೆ ಆ ಕೆಲಸ ಬಿಡಲು ಮನಸ್ಸಿರಲಿಲ್ಲ. ಮನೆಯಲ್ಲಿ ನಾನು "ಅವಳು", "ಏ ಇಲ್ಲಿ ಕೇಳು", "ಮಗೀನ ತಾಯಿ". ಕ್ಲಿನಿಕ್ಕಿನಲ್ಲಿ ನಾನು "ಮೇಡಂ". ಒಂದು ಸಲ ಮೇಡಂ ಅನ್ನಿಸಿಕೊಂಡವಳಿಗೆ ಮತ್ತೆ "ಏ" ಆಗುವುದು ಎಷ್ಟು ಕಷ್ಟ ಅಂತ, ಆಗಿ ನೋಡಿದವರಿಗೇ ಗೊತ್ತು.

ಜೋಳದ ಕಾಳು

ಎಪ್ಪತ್ತು ವರ್ಷದ ಗಂಡಸರು ನನ್ನಂಥ ಹುಡುಗಿಗೆ ಒಂದಕ್ಕೆ ಹೋದ ಲೆಕ್ಕ ಹೇಳುವುದಾದರೂ ಹೇಗೆ? ಎಷ್ಟು ಸಲ ಅಂತ ಕೇಳಿದರೆ ಒಬ್ಬರು ಗೋಡೆ ನೋಡುವರು, ಇನ್ನೊಬ್ಬರು "ಹೋಗ್ತೀನವ್ವಾ, ಎಲ್ಲರ ಹಂಗೆ" ಅನ್ನುವರು. ಬರೆಯಲು ಬರುವವರೂ ಬರೆಯುತ್ತಿರಲಿಲ್ಲ. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಬಚ್ಚಲ ಹತ್ತಿರ ಒಂದು ತಗಡಿನ ಡಬ್ಬ ಇಡಿ, ಹೋದಾಗೆಲ್ಲ ಒಂದು ಜೋಳದ ಕಾಳು ಹಾಕಿ, ದಿನಕ್ಕೊಂದು ಪೊಟ್ಟಣ ಕಟ್ಟಿ ತನ್ನಿ, ಬಾಯಿ ತೆರೆಯುವುದೇ ಬೇಡ ಅಂದೆ. ಡಾಕ್ಟರು ಮೆಚ್ಚಿಕೊಂಡರು.

ಉಡುತಡಿಯ ಕಡೆಯ ಒಬ್ಬ ಅಜ್ಜ ಮೊದಲ ವಾರದ ಪೊಟ್ಟಣಗಳನ್ನು ತಂದರು. ಒಂದನ್ನು ಬಿಚ್ಚಿ ಎಣಿಸಿದೆ. ಒಂದು ದಿನಕ್ಕೆ ಐವತ್ತೆಂಟು ಕಾಳು. ಮತ್ತೆ ಎಣಿಸಿದೆ. ಐವತ್ತೆಂಟೇ. ಡಾಕ್ಟರು ಗಾಬರಿಯಾಗಿ ಶಿವಮೊಗ್ಗದ ಆಸ್ಪತ್ರೆಗೆ ಚೀಟಿ ಬರೆಯಲು ಕೂತರು.

"ಅಜ್ಜಾರೇ, ಇಷ್ಟೂ ನೀವೊಬ್ಬರೇ ಹೋಗಿದ್ದಾ?" ಅಂತ ಕೇಳಿದೆ.

"ನಾನೊಬ್ಬನೇ ಯಾಕೆ? ಮನೆಯವರೆಲ್ಲ ಹಾಕಿದಾರೆ."

"ಕಾಯಿಲೆ ನಿಮಗೆ ಅಲ್ವಾ? ಅವರು ಯಾಕೆ ಹಾಕಬೇಕು?"

ಅಜ್ಜ ನನ್ನನ್ನು ಕನಿಕರದಿಂದ ನೋಡಿದರು. "ನಮ್ಮದು ಕೂಡು ಮನೆತನ ಮೇಡಂ. ಹದಿಮೂರು ಜನ ಇದ್ದೀವಿ. ನನಗೊಬ್ಬನಿಗೆ ಬೇರೆ ಡಬ್ಬ ಅಂತ ಇಟ್ಟರೆ, ನಾಳೆ ಮನೆ ಒಡೀತದೆ."

ಪಾಲು

ಮನೆ ಒಡೆದ ಮೇಲೆ ಬಂದವರ ಕತೆಯೂ ಇದೆ. ಅಂಬ್ಲಿಗೊಳ ಅಣೆಕಟ್ಟಿನ ನೀರಿನಲ್ಲಿ ಗದ್ದೆ ಮಾಡುವ ಅಣ್ಣತಮ್ಮ, ಇಬ್ಬರಿಗೂ ಪ್ರಾಸ್ಟೇಟ್ ತೊಂದರೆ, ಇಬ್ಬರೂ ಆಗಷ್ಟೇ ಜಮೀನು ಪಾಲು ಮಾಡಿಕೊಂಡವರು. ಡಾಕ್ಟರು ನಿಯಮದಂತೆ ಇಬ್ಬರಿಗೂ ತಿಳಿಸಿ ಹೇಳಿದರು: ಕೆಲವು ಸೀಸೆಯಲ್ಲಿ ನಿಜವಾದ ಮದ್ದಿದೆ, ಕೆಲವರದರಲ್ಲಿ ಮದ್ದಿಲ್ಲದ ಬರೀ ಪುಡಿಯ ಮಾತ್ರೆ ಇದೆ, ಯಾರದು ಯಾವುದು ಅಂತ ನನಗೂ ಗೊತ್ತಿಲ್ಲ, ಗೊತ್ತಿರಬಾರದು. ಹಾಗೆ ಗೊತ್ತಿಲ್ಲದೆ ಕೊಟ್ಟರೇ ಮದ್ದಿನ ಗುಣ ಸರಿಯಾಗಿ ತಿಳಿಯುವುದು. ಇಬ್ಬರೂ ತಲೆಯಾಡಿಸಿ ಸಹಿ ಹಾಕಿ ಹೋದರು.

ಮುಂದಿನ ವಾರ ಇಬ್ಬರೂ ಒಟ್ಟಿಗೆ ಬಂದರು. ಕೈಯಲ್ಲಿ ಒಂದು ಕಾಗದ, ಕೆಳಗೆ ಊರಿನ ಐದು ಜನ ಹಿರಿಯರ ಸಹಿ. ಓದಿದೆ. ಒಬ್ಬನಿಗೆ ಮದ್ದು, ಒಬ್ಬನಿಗೆ ಪುಡಿ ಬಂದರೆ ಅನ್ಯಾಯ ಅಂತ ಹಿರಿಯರು ಸೇರಿದ್ದರು. ಎರಡು ಸೀಸೆಯನ್ನೂ ಮೊರಕ್ಕೆ ಸುರಿದು, ಕೈಯಾಡಿಸಿ ಕಲಸಿ, ಸಮ ಪಾಲು ಮಾಡಿದ್ದರು. ಕೊನೆಗೆ ಒಂದು ಮಾತ್ರೆ ಹೆಚ್ಚಾಯಿತು. ಅದನ್ನು ಅಡಕತ್ತರಿಯಲ್ಲಿ ಕತ್ತರಿಸಿದ್ದರು.

ಡಾಕ್ಟರು ತಲೆ ಮೇಲೆ ಕೈಹೊತ್ತರು. "ಇನ್ನು ನಿಮ್ಮಿಬ್ಬರ ಲೆಕ್ಕ ಹಿಡಿಯೋಕೆ ಬರಲ್ಲ. ಪರೀಕ್ಷೆಯಿಂದ ತೆಗೀಲೇಬೇಕು. ಮಾಮೂಲಿ ಔಷಧ ಬರೆದುಕೊಡ್ತೀನಿ."

"ತೆಗೀರಿ ಡಾಕ್ಟ್ರೇ, ಬೇಡ ಅನ್ನಲ್ಲ," ಅಂದ ತಮ್ಮ. "ಆದರೆ ಒಂದೇ ಸಲಕ್ಕೆ ಇಬ್ಬರನ್ನೂ ತೆಗೀರಿ. ಇವನನ್ನ ಮೊದಲು ತೆಗೆದರೆ ನಾನು ಒಪ್ಪಲ್ಲ."

ಕ್ಯಾನು

ಕಿಡ್ನಿ ಕಲ್ಲಿನವರಿಗೆ ಬೇರೆ ಪರೀಕ್ಷೆ. ಒಂದು ಇಡೀ ದಿನದ ಉಚ್ಚೆಯನ್ನು ಬಿಳಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿದು ತರಬೇಕು. ಸೊರಬದ ಕಡೆಯ ಒಬ್ಬರಿಗೆ ಕ್ಯಾನು ಕೊಟ್ಟು ಕಳಿಸಿದೆ. ಎರಡು ದಿನ ಬಿಟ್ಟು ಅವರ ಹೆಂಡತಿ ಬಸ್ಸಿನಲ್ಲಿ ಬಂದು, ತುಂಬಿದ ಕ್ಯಾನನ್ನು ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟು, ನಾನು ತಲೆ ಎತ್ತುವಷ್ಟರಲ್ಲಿ ವಾಪಸ್ ಬಸ್ ಸಿಗಲ್ಲ ಅಂತ ಹೊರಟುಹೋದರು. ನಾನು ನಂಬರ್ ಚೀಟಿ ಅಂಟಿಸಿ ಲ್ಯಾಬಿಗೆ ಕಳಿಸಿದೆ.

ಲ್ಯಾಬಿನವನು ಕ್ಯಾನು ಹಿಡಿದುಕೊಂಡೇ ವಾಪಸ್ ಬಂದ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

"ಮೇಡಂ, ಈ ಪೇಷೆಂಟಿಗೆ ಕಲ್ಲು ಇದೆಯೋ ಇಲ್ಲವೋ ಹೇಳೋಕಾಗಲ್ಲ. ಆದರೆ ಇಂಗಿನ ಒಗ್ಗರಣೆ ಇದೆ."

ಮಜ್ಜಿಗೆ. ಮುಂದಿನ ವಾರ ಆಯಮ್ಮ ಬಂದಾಗ ಕೇಳಿದೆ. ನಡುಮನೆಯಲ್ಲಿ ಕ್ಯಾನು ನಾರುತ್ತಿತ್ತಂತೆ. ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿದರಂತೆ.

"ಸರಿ, ಚೆಲ್ಲಿದ್ರಿ. ಮಜ್ಜಿಗೆ ಯಾಕೆ ತುಂಬಿದ್ರಿ?"

"ಎಂಥ ಮಾತಾಡ್ತೀರಿ ಮಾರಾಯ್ತಿ," ಅಂದರು. "ಇನ್ನೊಬ್ಬರ ಪಾತ್ರೆ ಖಾಲಿ ವಾಪಸ್ ಕೊಡೋಕೆ ನಾವೇನು ಅಷ್ಟು ಗತಿಗೆಟ್ಟಿದೀವಾ?"

ಹದಿನಾಲ್ಕನೇ ನಂಬರು

ನಮ್ಮ ಡಾಕ್ಟರು ವಾರಕ್ಕೊಮ್ಮೆ ಸೊರಬದ ಕಡೆಯ ಆನವಟ್ಟಿಗೂ ಹೋಗಿ ಪೇಷೆಂಟ್ ನೋಡುತ್ತಿದ್ದರು. ಅಲ್ಲಿ ಪೇಷೆಂಟ್ ಹೇಳಿದ್ದನ್ನು ಕಾಂಪೌಂಡರು ನೋಟ್‌ಬುಕ್ಕಿಗೆ ಬರೆದು ನನಗೆ ಕಳಿಸುವರು. ಹೆಸರಿರುವ ಪಟ್ಟಿ ಡಾಕ್ಟರ ಬೀರುವಿನಲ್ಲಿ. ನನಗೆ ಗೊತ್ತಿದ್ದದ್ದು ಬರೀ ನಂಬರು. ತಪ್ಪಿದ್ದರೆ ನಾನು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕಳಿಸುತ್ತಿದ್ದೆ, ಕಾಂಪೌಂಡರು ಅದನ್ನು ಪೇಷೆಂಟಿಗೆ ತೋರಿಸುವರು. ಉಳಿದವರೆಲ್ಲ ಹೇಳಿದ್ದು ಕೇಳಿಕೊಂಡು ಸುಮ್ಮನಿರುತ್ತಿದ್ದರು. ಹದಿನಾಲ್ಕನೇ ನಂಬರು ಮಾತ್ರ ತಿರುಗಿ ಉತ್ತರ ಬರೆಸುವುದು.

"ಸಂಜೆ ಮೇಲೆ ಮೂರು ಲೋಟ ಟೀ. ಬಿಡುವುದಿಲ್ಲ," ಅಂತ ಬಂತು.

"ಬಿಡಲೇಬೇಕು," ಅಂತ ಬರೆದೆ. "ಕೆರೆಯ ತೂಬು ತೆರೆದಿಟ್ಟು, ಕಾಲುವೆಗೆ ನೀರು ಯಾಕೆ ಬಂತು ಅಂತ ಡಾಕ್ಟರನ್ನು ಕೇಳಬೇಡಿ."

ಮುಂದಿನ ವಾರ: "ಟೀ ಒಂದು ಲೋಟಕ್ಕೆ ಇಳಿಸಿದೆ. ಈ ಕೆಂಪು ಶಾಯಿಯವರಿಗೆ ಮದುವೆಯಾಗಿದೆಯೇ? ಆಗಿದ್ದರೆ ಆ ಮನೆಯವರನ್ನು ನೆನೆದು ಕನಿಕರವಾಗುತ್ತದೆ."

ನಾನು ಬಿಡುವವಳಾ? "ಆಗಿದೆ. ನಮ್ಮ ಮಾವ ನಿಮಗಿಂತ ಮೊಂಡರು. ನನಗೆ ಅಭ್ಯಾಸವಿದೆ."

ದೀಪಾವಳಿ ಹತ್ತಿರ ಬಂತು. ಹದಿನಾಲ್ಕನೇ ನಂಬರಿನಿಂದ ಹೊಸ ದೂರು. "ರಾತ್ರಿ ಏಳುವುದು ಕಡಿಮೆಯಾಗಿದೆ. ಉರಿ ಮಾತ್ರ ಹೋಗಿಲ್ಲ. ಕಾರಣ, ಮನೆಯಲ್ಲಿ ಸೊಸೆ ಸಾರಿಗೆ ಖಾರದಪುಡಿ ಸುರಿಯುತ್ತಾಳೆ."

ನನಗೆ ಆ ಮುದುಕನ ಮೇಲೆ ಪಾಪ ಅನ್ನಿಸಿತು. ಅರ್ಧ ಪುಟ ಬರೆದೆ. "ವಯಸ್ಸಾದವರಿಗೆ ಇಂಥ ಸಾರು ಬಡಿಸುವ ಸೊಸೆಗೆ ಬುದ್ಧಿ ಇಲ್ಲ. ಖಾರ ಅರ್ಧಕ್ಕರ್ಧ ಕಡಿಮೆ ಮಾಡಲೇಬೇಕು. ಈ ಪುಸ್ತಕ ಮನೆಗೆ ಒಯ್ದು ಈ ಪುಟವನ್ನು ಅವಳಿಗೆ ತೋರಿಸಿ."

ಅವತ್ತು ಊಟಕ್ಕೆ ಬಡಿಸುತ್ತ ಅತ್ತೆಗೆ ಹೇಳಿದೆ, "ಎಂಥೆಂಥ ಸೊಸೆಯಂದಿರು ಇರ್ತಾರೆ ಅತ್ತೆ, ಕೇಳಿದರೆ ಹೊಟ್ಟೆ ಉರಿಯುತ್ತೆ." ಅತ್ತೆಗೆ ಕೆಮ್ಮು ಬಂತು. ಮಾವ ತಟ್ಟೆಯಿಂದ ತಲೆ ಎತ್ತದೆ ನೀರು ಕುಡಿದರು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮಾವನ ಗೆಳೆಯರೊಬ್ಬರು ಮನೆಗೆ ಬಂದರು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ನಮ್ಮ ಜನರಲ್ಲಿ ಅವರ ಮಾತಿಗೆ ತೂಕ. ಟೀ ಲೋಟ ಕೆಳಗಿಡುವ ಮೊದಲೇ ಶುರು ಮಾಡಿದರು. "ಹೇಳಬಾರದು ಸಾವ್ಕಾರ್ರೇ, ಆದರೂ ಹೇಳ್ತೀನಿ. ನಿಮ್ಮ ಸೊಸೆ ಗಂಡಸರ ಉಚ್ಚೆ ಲೆಕ್ಕ ಬರೀತಾಳೆ ಅಂತ ಊರಲ್ಲಿ ಜನ ಆಡಿಕೊಳ್ತಿದಾರೆ. ನಿಮ್ಮಂಥ ಮನೆತನಕ್ಕೆ ಇದೆಲ್ಲ ಚೆಂದ ಅಲ್ಲ."

ಅಡುಗೆಮನೆಯಲ್ಲಿದ್ದ ನನಗೆ ಎಲ್ಲ ಕೇಳಿಸಿತು. ಮಾವ ಹೇಳಿದ್ದ ಆ ಒಂದು ಮಾತು ಬಂದೇಬಿಟ್ಟಿತು. ಇಷ್ಟು ತಿಂಗಳ ಮೇಡಂಗಿರಿ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮಾವ ತಮ್ಮ ಲೋಟ ಕೆಳಗಿಟ್ಟರು. ಆಮೇಲೆ, "ಯಾರು ಆಡಿಕೊಳ್ತಾರೆ?" ಅಂತ ಕೇಳಿದರು.

"ಯಾರು ಅಂತ ಹೇಳೋದು. ಜನ."

"ಜನದ ಮಾತು ಬಿಡು. ನೀನು ಆನವಟ್ಟಿಯಲ್ಲಿ ಪ್ರತಿ ವಾರ ನನ್ನ ಮುಂದಿನ ಬೆಂಚಲ್ಲಿ ಮುಖಕ್ಕೆ ಟವೆಲ್ ಮುಚ್ಚಿಕೊಂಡು ಕೂತಿರ್ತೀಯಲ್ಲ, ನಿನ್ನ ನಂಬರು ಹದಿನೇಳಲ್ವಾ?"

ಹದಿನೇಳನೇ ನಂಬರು ಉಳಿದ ಟೀ ಕುಡಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದ ಸದ್ದು ಮಾತ್ರ ಕೇಳಿತು.

ನಾನು ಇನ್ನೂ "ನನ್ನ ಮುಂದಿನ ಬೆಂಚಲ್ಲಿ" ಅನ್ನುವ ಮಾತಿನಲ್ಲೇ ಇದ್ದೆ. ಮಾವನಿಗೆ ಬೀಜದ ವ್ಯಾಪಾರ ಅಂತ ವಾರಕ್ಕೊಮ್ಮೆ ಆನವಟ್ಟಿಗೆ ಹೋಗುವ ರೂಢಿ. ಅಷ್ಟರಲ್ಲಿ ಅವರು ಎದ್ದು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟರು. ರಟ್ಟಿನ ಮೇಲೆ ನಾನೇ ದಪ್ಪಗೆ ಬರೆದ ಹದಿನಾಲ್ಕು.

"ಆಸ್ಪತ್ರೆಯವರು ಸೊಸೆಗೆ ತೋರಿಸಿ ಅಂದಿದಾರೆ," ಅಂದರು. "ತೋರಿಸಿದೀನಿ. ಓದು."

ಮದುವೆಯಾಗಿ ನಾಲ್ಕು ವರ್ಷಕ್ಕೆ ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ನಾನು ಓದಿದೆ. ಸೊಸೆಗೆ ಬುದ್ಧಿ ಇಲ್ಲ ಅನ್ನುವಲ್ಲಿ ಅಕ್ಷರ ತುಂಬಾ ಚೆನ್ನಾಗಿ ಬಂದಿತ್ತು.

"ಅವರಿಗೆ ಬರೆಯೋದು ನಾನೇ ಅಂತ ಗೊತ್ತಿತ್ತಾ?" ಅಂತ ಅತ್ತೆಯನ್ನು ಪಿಸುಗುಟ್ಟಿ ಕೇಳಿದೆ.

"ಮೊದಲನೇ ವಾರವೇ," ಅಂದರು ಅತ್ತೆ. "ಮಗೀಗೆ ಸೂಜಿ ಚುಚ್ಚಿಸೋ ದಿನ ಅಂತ ಕ್ಯಾಲೆಂಡರ್ ಮೇಲೆ ನೀನು ಬರೆದಿರೋ ಅಕ್ಷರ ಅವರು ದಿನಾ ನೋಡಲ್ವಾ?"

ತಲೆ ಎತ್ತಲು ಆಗಲಿಲ್ಲ. ಆದರೂ ಕೇಳಲೇಬೇಕಿತ್ತು. ಧೈರ್ಯ ಸಾಲದೆ ಅತ್ತೆಯ ಮೂಲಕವೇ ಕೇಳಿದೆ. "ದೀಪಾವಳಿ ಬಂತು. ಕೆಲಸ ಬಿಡಬೇಕಾ ಅಂತ ಕೇಳಿ ಅತ್ತೆ."

ಮಾವ ನೋಟ್‌ಬುಕ್ ಎತ್ತಿಕೊಂಡು ಧೂಳು ಕೊಡವಿದರು.

"ಬಿಡೋದು ಹೇಗೆ? ಕೆಂಪು ಶಾಯಿಯವಳು ಬಿಟ್ಟುಹೋದರೆ, ಈ ಮನೆ ಸೊಸೆಗೆ ಬುದ್ಧಿ ಹೇಳೋರು ಯಾರು?"